ಹಿತ್ತಿಲಿನ ಏರುಮಡಿ

ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಹಿತ್ತಿಲೆಂಬುದು ಅಡುಗೆಮನೆಯ ಒಂದು ಭಾಗದಂತೆಯೇ ಇದ್ದಿತು. ಒಲೆಯ ಮೇಲೆ ಒಗ್ಗರಣೆ ಸಿಡಿಯುತ್ತಿರುವಾಗ ಗೃಹಿಣಿಯು ಹಿಂಬಾಗಿಲಿನಿಂದ ಹೊರಗೆ ಹೋಗಿ ಕರಿಬೇವಿನ ಎಸಳನ್ನು ಮುರಿದು ತರುತ್ತಿದ್ದಳು. ಪಾತ್ರೆ ತೊಳೆದ ನೀರು ತಾನಾಗಿಯೇ ಬಾಳೆಯ ಬುಡಕ್ಕೆ ಹರಿಯುತ್ತಿದ್ದಿತು. ಒಂದು ಕಟ್ಟು ಸೊಪ್ಪಿಗಾಗಿ ಅಂಗಡಿಗೆ ಹೋಗುವುದನ್ನು ಗೃಹಸ್ಥನಿಗೆ ಕೊರತೆಯೆಂದು ಎಣಿಸುವವರೂ ಇದ್ದರು. ಈಗಲಾದರೋ ಪಟ್ಟಣಗಳಲ್ಲಿ ೩೦ ಅಡಿ ಅಗಲ, ೪೦ ಅಡಿ ಉದ್ದದ ನಿವೇಶನದಲ್ಲಿ ಮನೆಯನ್ನು ಕಟ್ಟಿದ ತರುವಾಯ ಉಳಿಯುವುದು ನಾಲ್ಕೈದು ಅಡಿಗಳ ಒಂದು ಪಟ್ಟಿ ಮಾತ್ರ. ಅದರಲ್ಲಿಯಾದರೂ ಎರಡು ಗಿಡಗಳನ್ನು ಬೆಳೆಯೋಣವೆಂದು ಗುದ್ದಲಿಯನ್ನು ಹಾಕಿದರೆ ಮೇಲಕ್ಕೆ ಬರುವುದು ಮಣ್ಣಲ್ಲ. ಇಟ್ಟಿಗೆಯ ಚೂರು, ಗಾರೆಯ ಹೆಂಟೆ, ಸಿಮೆಂಟು ಚೀಲದ ಹರಕು, ಪಾಯ ತೋಡುವಾಗ ಆಳದಿಂದ ಎತ್ತಿ ಮೇಲೆ ಹರಡಿದ ನಿಸ್ಸಾರವಾದ ಮಣ್ಣು.

ಇಂತಹ ಸ್ಥಳದಲ್ಲಿ ನೆಲವನ್ನು ಅಗೆದು ಹದಗೊಳಿಸುವುದಕ್ಕಿಂತ ನೆಲದ ಮೇಲೆಯೇ ನಾಲ್ಕು ಕಡೆ ಒಡ್ಡನ್ನು ಕಟ್ಟಿ, ಒಳಗೆ ಒಳ್ಳೆಯ ಮಣ್ಣನ್ನು ತುಂಬಿ ಸಸ್ಯಗಳನ್ನು ಬೆಳೆಸುವುದು ಸುಲಭ. ಇದಕ್ಕೆ ನಮ್ಮ ರೈತರು ಏರುಮಡಿಯೆಂದು ಹೇಳುತ್ತಾರೆ. ಇದು ಹೊಸ ಪದಾರ್ಥವೇನೂ ಅಲ್ಲ. ಸಸಿಗಳನ್ನು ಎಬ್ಬಿಸುವ ಒಟ್ಲು, ಮಲೆನಾಡಿನ ಶುಂಠಿಯ ಸಾಲು, ಇವೆಲ್ಲ ಏರುಮಡಿಗಳೇ. ಆದರೆ ಇತ್ತೀಚೆಗೆ ಪಟ್ಟಣದ ಮನೆಗಳಲ್ಲಿ ಇದನ್ನು ಕಟ್ಟಿಸುವವರಲ್ಲಿ ಅನೇಕರು ಎತ್ತರವನ್ನು ಒಂದು ಅಲಂಕಾರವೆಂದು ಭಾವಿಸಿರುವಂತೆ ತೋರುತ್ತದೆ. ಶೀತದೇಶಗಳ ತೋಟದ ಚಿತ್ರಗಳನ್ನು ನೋಡಿ, ಅಲ್ಲಿದ್ದಂತೆಯೇ ಎರಡಡಿ ಎತ್ತರದ ಪೆಟ್ಟಿಗೆಯನ್ನು ಬಿಸಿಲ ಸೀಮೆಯಲ್ಲಿಯೂ ಮಾಡಿಸುತ್ತಾರೆ. ಹಿಮ ಕರಗುವ ದೇಶದಲ್ಲಿ ನೆಲಕ್ಕಿಂತ ಎತ್ತರದಲ್ಲಿರುವ ಮಣ್ಣು ವಸಂತಕಾಲದಲ್ಲಿ ಬೇಗನೆ ಬೆಚ್ಚಗಾಗುವುದು. ಅವರಿಗೆ ಅದೊಂದು ಲಾಭ. ನಮಗೆ ಬಿಸಿಯ ಕೊರತೆ ಯಾವ ಕಾಲದಲ್ಲಿಯೂ ಇಲ್ಲ. ನಾವು ಮಡಿಯನ್ನು ಎತ್ತರಿಸಬೇಕಾದರೆ ಅದಕ್ಕೆ ಕಾರಣ ಬೇರೆ, ಅದು ನೀರು. ಎಷ್ಟು ಎತ್ತರವೆಂಬ ಪ್ರಶ್ನೆಗೂ ನೀರೇ ಉತ್ತರವನ್ನು ಹೇಳಬೇಕು.

ಕಾಳಿದಾಸನ ಶಾಕುಂತಲದ ಮೊದಲನೆಯ ಅಂಕದಲ್ಲಿ ಶಕುಂತಲೆಯೂ ಸಖಿಯರೂ ಆಶ್ರಮದ ಗಿಡಗಳಿಗೆ ನೀರೆರೆಯುತ್ತ ನಮಗೆ ಕಾಣಿಸಿಕೊಳ್ಳುತ್ತಾರೆ. ಅಲ್ಲಿ ಅವರು ತುಂಬುವುದು ಆಲವಾಲವನ್ನು, ಎಂದರೆ ಗಿಡದ ಬುಡದ ಸುತ್ತ ತಗ್ಗುಮಾಡಿ ಅಂಚು ಕಟ್ಟಿದ ಪಾತಿಯನ್ನು. ಆಲವಾಲದ ಉದ್ದೇಶ ನೀರನ್ನು ಬುಡದಲ್ಲಿ ನಿಲ್ಲಿಸುವುದು. ಏರುಮಡಿಯ ಉದ್ದೇಶ ಇದಕ್ಕೆ ನೇರವಾಗಿ ವಿರುದ್ಧವಾದದ್ದು. ಅದು ಹೆಚ್ಚಾದ ನೀರನ್ನು ಬುಡದಿಂದ ದಾಟಿಸುವುದು. ಒಂದು ನೀರಿಲ್ಲದ ಕಾಲದ ಉಪಾಯ, ಇನ್ನೊಂದು ನೀರು ಮಿತಿಮೀರಿದ ಕಾಲದ ಉಪಾಯ. ನಮ್ಮ ಕರ್ನಾಟಕದಲ್ಲಿ ಎರಡು ಬಗೆಯ ಸೀಮೆಗಳೂ ಉಂಟು. ಆಗುಂಬೆಯ ಮಳೆ ವರ್ಷಕ್ಕೆ ಸರಾಸರಿ ೭೦೦೦ ಮಿಲಿಮೀಟರನ್ನು ಮೀರಿದರೆ ಚಳ್ಳಕೆರೆಯ ಮಳೆ ೫೦೦ ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಬೆಂಗಳೂರಿನದು ಒಂದು ಸಾವಿರದ ಆಸುಪಾಸು. ಅದರಲ್ಲಿಯೂ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಹಿತ್ತಿಲು ಕೆಸರಾಗಿ, ಫೆಬ್ರವರಿಯಿಂದಾಚೆಗೆ ಅದೇ ಹಿತ್ತಿಲು ಬಿರುಕು ಬಿಡುವುದು. ಹೀಗಿರುವಾಗ ಎಲ್ಲರಿಗೂ ಒಂದೇ ಅಳತೆಯನ್ನು ಹೇಳುವುದು ಯುಕ್ತವಲ್ಲ.

ನೀರು ಹೆಚ್ಚಾದರೆ ಗಿಡಕ್ಕೆ ಕೇಡೇನು ಎಂದು ಕೆಲವರು ಕೇಳಬಹುದು. ಬೇರುಗಳೂ ಉಸಿರಾಡುತ್ತವೆ. ಮಣ್ಣಿನ ಕಣಗಳ ನಡುವಣ ಸಂದುಗಳಲ್ಲಿ ಸ್ವಲ್ಪ ನೀರು, ಸ್ವಲ್ಪ ಗಾಳಿ ಇರತಕ್ಕದ್ದು ಪ್ರಕೃತಿನಿಯಮ. ಸಂದುಗಳೆಲ್ಲ ನೀರಿನಿಂದ ತುಂಬಿ ಅನೇಕ ದಿವಸ ಹಾಗೆಯೇ ನಿಂತರೆ ಬೇರು ಉಸಿರುಕಟ್ಟಿ ಕೊಳೆಯುವುದು. ಶುಂಠಿಯನ್ನು ಬೆಳೆಯುವ ಮಲೆನಾಡಿನವರಿಗೆ ಈ ಕೊಳೆರೋಗದ ಪರಿಚಯ ಚೆನ್ನಾಗಿ ಉಂಟು. ಆದಕಾರಣವೇ ಅವರು ಸುಮಾರು ಒಂದು ಗಜ ಅಗಲದ ಏರುಮಡಿಗಳನ್ನು ಮಾಡಿ, ನಡುವೆ ಬಸಿಗಾಲುವೆಗಳನ್ನು ತೆಗೆಯುತ್ತಾರೆ. ಎತ್ತರದಿಂದ ಪ್ರಯೋಜನವಾಗುವ ಬಗೆಯನ್ನು ಒಂದು ಒದ್ದೆಯ ಪಂಚೆಯಲ್ಲಿ ಕಾಣಬಹುದು. ಹಿಂಡದೆ ಹಗ್ಗಕ್ಕೆ ಇಳಿಬಿಟ್ಟ ಪಂಚೆಯ ಮೇಲ್ಭಾಗವು ಬೇಗನೆ ಆರುತ್ತದೆ. ಕೆಳಗಿನ ಅಂಚು ಮಾತ್ರ ಬಹಳ ಹೊತ್ತು ತೊಟ್ಟಿಕ್ಕುತ್ತ ಒದ್ದೆಯಾಗಿಯೇ ಇರುತ್ತದೆ. ಮಣ್ಣಿನಲ್ಲಿಯೂ ಹಾಗೆಯೇ. ತಳದ ಕೆಲವು ಅಂಗುಲಗಳು ನೀರನ್ನು ಹಿಡಿದುಕೊಂಡಿರುತ್ತವೆ. ಅದರ ಮೇಲೆ ಎಷ್ಟು ಮಣ್ಣಿದೆಯೋ ಅಷ್ಟು ಬೇರಿಗೆ ಗಾಳಿಯಾಡುವ ಸ್ಥಳ.

ಇಷ್ಟು ತಿಳಿದ ಮೇಲೆ ಎತ್ತರದ ವಿಚಾರ ಸುಲಭವಾಗುತ್ತದೆ. ಕರಾವಳಿ ಮಲೆನಾಡುಗಳಲ್ಲಿ ಮಳೆಗಾಲದ ಬೆಳೆಗೆ ಒಂದಡಿಯಿಂದ ಒಂದೂವರೆ ಅಡಿಯ ಎತ್ತರ ಉಚಿತ. ಬೆಂಗಳೂರು, ಮೈಸೂರು, ತುಮಕೂರುಗಳಂತಹ ಊರುಗಳಲ್ಲಿ ಎಂಟು ಅಂಗುಲದಿಂದ ಒಂದಡಿ ಸಾಕು. ಒಂದಡಿಯೂ ನೆಲದಲ್ಲಿ ಗಾರೆಕಲ್ಲು ತುಂಬಿರುವುದರಿಂದ ಬೇಕಾಗುವುದೇ ಹೊರತು ಮಳೆಯಿಂದಲ್ಲ. ಚಿತ್ರದುರ್ಗದ ಪೂರ್ವಭಾಗ, ಬಳ್ಳಾರಿ, ವಿಜಯಪುರಗಳ ಕಡೆಯಲ್ಲಿ ನೆಲದ ಮಣ್ಣು ಒಳ್ಳೆಯದಾಗಿದ್ದರೆ ಮಡಿಯನ್ನು ಎತ್ತರಿಸದಿರುವುದೇ ಲೇಸು. ಅಲ್ಲಿ ಆಲವಾಲವೇ ಶಾಸ್ತ್ರ. ಎತ್ತರದ ಮಡಿಯು ಮೇಲಿನಿಂದ ಒಣಗುವುದಲ್ಲದೆ ನಾಲ್ಕು ಪಾರ್ಶ್ವಗಳಿಂದಲೂ ಒಣಗುವುದೆಂಬುದನ್ನು ಮರೆಯಬಾರದು. ಎರಡಡಿಯ ಎತ್ತರಕ್ಕೆ ನಾನು ಒಪ್ಪುವ ಕಾರಣ ಒಂದೇ ಉಂಟು: ಮನೆಯಲ್ಲಿ ಬಗ್ಗಲಾರದ ವೃದ್ಧರಿದ್ದು, ಅವರು ಕುರ್ಚಿಯ ಮೇಲೆ ಕುಳಿತು ಕೈಯಾಡಿಸಲು ಆಸೆಪಡುವುದಾದರೆ ಅವರಿಗಾಗಿ ಎತ್ತರ ಮಾಡಿಸಬಹುದು. ಆಗ ಕೆಳಗಿನ ಒಂದಡಿಗೆ ನೆನೆಸಿದ ತೆಂಗಿನ ಮೊಟ್ಟೆಗಳನ್ನು ಒಳಮೈ ಮೇಲಾಗುವಂತೆ ಸಾಲಾಗಿ ಇಟ್ಟು ಒಣಗಿದ ಕಡ್ಡಿಯನ್ನು ತುಂಬಿದರೆ ಮಣ್ಣಿನ ಖರ್ಚು ಉಳಿಯುವುದು, ತೇವವೂ ನಿಲ್ಲುವುದು. ತೆಂಗಿನ ತೋಟಗಳಲ್ಲಿ ತೇವವನ್ನು ಉಳಿಸಲು ಮೊಟ್ಟೆಯನ್ನು ಹೀಗೆ ಹೂಳುವ ಪದ್ಧತಿಯುಂಟು.

ಸ್ಥಳವನ್ನು ಆರಿಸುವಾಗ ಮೊದಲು ನೋಡತಕ್ಕದ್ದು ಬಿಸಿಲು. ಕಾಯಿಪಲ್ಯಕ್ಕೆ ದಿನಕ್ಕೆ ಐದಾರು ಗಂಟೆಯ ನೇರವಾದ ಬಿಸಿಲು ಬೇಕು; ಸೊಪ್ಪಿಗೆ ಮೂರು ನಾಲ್ಕು ಗಂಟೆಯಾದರೂ ನಡೆದೀತು. ಇದನ್ನು ಒಂದು ದಿವಸ ನೋಡಿ ನಿಶ್ಚಯಿಸಿದರೆ ಮೋಸಹೋಗುವ ಸಂಭವವುಂಟು. ಬೆಂಗಳೂರಿನ ಅಕ್ಷಾಂಶದಲ್ಲಿ ಸೂರ್ಯನು ಏಪ್ರಿಲ್ ಕೊನೆಯ ವಾರದಲ್ಲಿಯೂ ಆಗಸ್ಟ್ ಮಧ್ಯದಲ್ಲಿಯೂ ನಡುಹಗಲಿನಲ್ಲಿ ನೆತ್ತಿಯ ಮೇಲಿರುತ್ತಾನೆ. ನಡುವಣ ತಿಂಗಳುಗಳಲ್ಲಿ ಉತ್ತರಕ್ಕೆ ವಾಲುತ್ತಾನೆ. ಉಳಿದ ಎಂಟು ತಿಂಗಳು ದಕ್ಷಿಣಕ್ಕೆ. ಆದ್ದರಿಂದ ಮೇ ತಿಂಗಳಿನಲ್ಲಿ ಬಿಸಿಲು ಕಾಯುತ್ತಿದ್ದ ಜಾಗವು ಡಿಸೆಂಬರಿನಲ್ಲಿ ಕತ್ತಲೆಯ ಮೂಲೆಯಾಗಬಹುದು. ಮಡಿಯ ದಕ್ಷಿಣಕ್ಕೆ ೧೦ ಅಡಿ ಎತ್ತರದ ಗೋಡೆಯಿದ್ದರೆ ಡಿಸೆಂಬರ್ ಕೊನೆಯಲ್ಲಿ ನಡುಹಗಲಿನ ಹೊತ್ತಿಗೂ ಅದರ ನೆರಳು ಏಳು ಅಡಿಗಿಂತ ಸ್ವಲ್ಪ ಹೆಚ್ಚಾಗಿಯೇ ಚಾಚಿಕೊಂಡಿರುತ್ತದೆ. ಹಿಂದಿನ ಮನೆಯವರು ಮೂರು ಅಂತಸ್ತು ಎಬ್ಬಿಸಿದ್ದರೆ ಗತಿಯೇನೆಂಬುದನ್ನು ವಾಚಕರೇ ಲೆಕ್ಕಹಾಕಿಕೊಳ್ಳಲಿ. ಮಡಿಯ ಉದ್ದವು ಉತ್ತರ ದಕ್ಷಿಣವಾಗಿದ್ದರೆ ಒಂದು ಸಾಲಿನ ನೆರಳು ಇನ್ನೊಂದರ ಮೇಲೆ ದಿನವೆಲ್ಲ ಬೀಳದೆ ಎರಡು ಪಾರ್ಶ್ವಗಳಿಗೂ ಬಿಸಿಲು ಹಂಚಿಹೋಗುವುದು.

ಇನ್ನು ಮನೆಯ ಗೋಡೆಗೆ ಆನಿಸಿ ಮಡಿಯನ್ನು ಕಟ್ಟುವ ಅಭ್ಯಾಸ. ಇದರಿಂದ ಒಂದು ಕಡೆಯ ಇಟ್ಟಿಗೆ ಉಳಿಯುವುದು ನಿಜ. ಆದರೆ ಒದ್ದೆ ಮಣ್ಣು ಸದಾ ಗೋಡೆಗೆ ತಾಗಿಕೊಂಡಿರುವುದರಿಂದ ಒಳಮನೆಯಲ್ಲಿ ಸುಣ್ಣ ಉದುರುವುದು, ಗೆದ್ದಲಿಗೂ ಹಾದಿಯಾಗುವುದು. ಮನೆ ಕಟ್ಟುವಾಗ ಪಾಯದ ಮೇಲೆ ಹಾಕಿದ ತೇವ ತಡೆಯುವ ಪದರಕ್ಕಿಂತ ಮಡಿಯ ಮಣ್ಣು ಮೇಲಕ್ಕೆ ಏರಿದರೆ ಆ ಪದರ ಇದ್ದೂ ಇಲ್ಲದಂತೆಯೇ. ಗೋಡೆಗೂ ಮಡಿಗೂ ಒಂದೂವರೆ ಅಡಿಯ ಅಂತರವಿರಲಿ; ಹೊರಗೋಡೆಗೆ ಸುಣ್ಣ ಹೊಡೆಯುವವನು ನಿಲ್ಲಲೂ ಸ್ಥಳವಾಗುವುದು.

ಹಿತ್ತಿಲೇ ಇಲ್ಲದವರು ಮಾಳಿಗೆಯ ಮೇಲೆ ಇಟ್ಟಿಗೆಯ ಮಡಿಯನ್ನು ಕಟ್ಟಿಸುವುದುಂಟು. ಈ ವಿಷಯದಲ್ಲಿ ಸ್ವಲ್ಪ ಕಠಿಣವಾಗಿಯೇ ಮಾತನಾಡಬೇಕಾಗಿದೆ. ಜನರು ಓಡಾಡುವ ಚಪ್ಪಟೆಯ ಮಾಳಿಗೆಯು ಒಂದು ಚದರ ಮೀಟರಿಗೆ ಸುಮಾರು ೧೫೦ ಕಿಲೋಗ್ರಾಂ ಹೊರೆಯನ್ನು ತಡೆಯಬೇಕೆಂದು ಭಾರತೀಯ ಮಾನಕದಲ್ಲಿ ಹೇಳಿದೆ; ಸಾಮಾನ್ಯವಾದ ಮನೆಗಳ ಲೆಕ್ಕವೂ ಅದೇ. ಒಂದಡಿ ದಪ್ಪದ ಮಣ್ಣು ಮಳೆಯಲ್ಲಿ ನೆನೆದರೆ ಅಷ್ಟೇ ಸ್ಥಳದಲ್ಲಿ ಸುಮಾರು ೫೦೦ ಕಿಲೋಗ್ರಾಂ ತೂಗುವುದು. ಇಟ್ಟಿಗೆಯ ತೂಕ ಬೇರೆ. ಮಾಳಿಗೆಯು ಹೊತ್ತುಕೊಂಡಿದೆಯಲ್ಲ ಎಂದು ಬೇಸಗೆಯಲ್ಲಿ ಸಮಾಧಾನಪಡುವುದು ಸರಿಯಲ್ಲ. ಮಣ್ಣು ಅತ್ಯಂತ ಭಾರವಾಗುವುದು ಮಳೆ ಹಿಡಿದ ರಾತ್ರಿಯಲ್ಲಿ, ಮನೆಯವರೆಲ್ಲ ಅದರ ಕೆಳಗೆ ಮಲಗಿರುವಾಗ. ಮನೆಯ ನಕ್ಷೆಯನ್ನು ಬಲ್ಲ ಎಂಜಿನಿಯರು ನೋಡಿ ಒಪ್ಪಿದ ಹೊರತು ಮಾಳಿಗೆಯ ಮೇಲೆ ಮಣ್ಣಿನ ಮಡಿಯನ್ನು ಕಟ್ಟಿಸಕೂಡದು. ಅವರಿಗೆ ತೆಂಗಿನ ನಾರಿನ ಪುಡಿ ತುಂಬಿದ ಹಗುರವಾದ ಕುಂಡಗಳೇ ಮೇಲು, ಅವನ್ನೂ ತೊಲೆಯ ನೇರಕ್ಕೆ ಇಡತಕ್ಕದ್ದು.

ಇನ್ನು ಕಟ್ಟುವ ಕೆಲಸ. ಮಡಿಯ ಅಗಲವನ್ನು ಯಜಮಾನನ ತೋಳಿನಿಂದ ಅಳೆಯದೆ, ಪ್ರತಿದಿನ ಕಳೆ ಕೀಳುವವರ ತೋಳಿನಿಂದ ಅಳೆಯತಕ್ಕದ್ದು. ಬಹುಮಟ್ಟಿಗೆ ಈ ಇಬ್ಬರೂ ಬೇರೆ ಬೇರೆಯಾಗಿರುತ್ತಾರೆ. ಮಡಿಯ ಹೊರಗೆ ಕುಕ್ಕರುಗಾಲಿನಲ್ಲಿ ಕುಳಿತವರ ಕೈ ಸುಖವಾಗಿ ಎರಡಡಿ ಎಟಕುವುದು. ಎರಡು ಕಡೆಯಿಂದಲೂ ಹೋಗಬಹುದಾದ ಮಡಿ ನಾಲ್ಕಡಿ ಅಗಲವಿರಬಹುದು. ಒಂದೇ ಕಡೆಯ ಹಾದಿಯಿದ್ದರೆ ಎರಡಡಿಯೇ ಮಿತಿ. ಒಮ್ಮೆ ಮಣ್ಣು ತುಂಬಿದ ಮೇಲೆ ಯಾರೂ ಅದರ ಮೇಲೆ ಕಾಲಿಡಬಾರದು. ತುಳಿತಕ್ಕೆ ಸಂದುಗಳು ಮುಚ್ಚಿಹೋದರೆ ಮಡಿಯನ್ನು ಎತ್ತರಿಸಿದ ಪ್ರಯೋಜನವೇ ನಷ್ಟ. ಉದ್ದ ಎಷ್ಟಾದರೂ ಇರಲಿ, ಎಂಟು ಹತ್ತು ಅಡಿ ಮೀರಿದರೆ ಸುತ್ತಿ ಬರಲು ಬೇಸರಪಟ್ಟು ಮಕ್ಕಳು ಮೇಲೆಯೇ ದಾಟುತ್ತಾರೆ.

ಒಳಗಡೆ ೮ ಅಡಿ ಉದ್ದ, ೪ ಅಡಿ ಅಗಲ, ಒಂದಡಿ ಎತ್ತರದ ಮಡಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ೯ ಅಂಗುಲ ಉದ್ದ, ೩ ಅಂಗುಲ ದಪ್ಪದ ನಾಡ ಇಟ್ಟಿಗೆಯನ್ನು ಉದ್ದಕ್ಕೆ ಮಲಗಿಸಿ ನಾಲ್ಕು ವರಸೆ ಕಟ್ಟಿದರೆ ಸುಮಾರು ೧೩೬ ಇಟ್ಟಿಗೆ ಹಿಡಿಯುವುದು. ಒಡೆದದ್ದು ಸೇರಿ ೧೫೦ ತರಿಸಬೇಕು. ಇಷ್ಟು ತಗ್ಗಾದ ಗೋಡೆಗೆ ದೊಡ್ಡ ಪಾಯ ಬೇಡ. ನಾಲ್ಕು ಅಂಗುಲ ತೋಡಿ, ಮಟ್ಟಮಾಡಿ, ದಿಮ್ಮಸು ಹಾಕಿ ಮೊದಲ ವರಸೆಯನ್ನು ಇಡಬಹುದು. ಕೆಳಗಿನ ವರಸೆಯಲ್ಲಿ ಎರಡು ಮೂರು ಅಡಿಗೊಂದರಂತೆ ಇಟ್ಟಿಗೆಗಳ ನಡುವೆ ಒಂದು ಬೆರಳಿನ ಕಂಡಿಯನ್ನು ಗಾರೆಯಿಲ್ಲದೆ ಬಿಡಬೇಕು. ಮೇಸ್ತ್ರಿಯು ಈ ಕಂಡಿಗಳನ್ನು ಮುಚ್ಚಲು ಆತುರಪಡುತ್ತಾನೆ. ಅವನ ದೃಷ್ಟಿಯಲ್ಲಿ ಕಂಡಿಯಿರುವ ಗೋಡೆ ಅಪೂರ್ಣವಾದದ್ದು. ಹತ್ತಿರವೇ ನಿಂತು ಹೇಳಬೇಕಾಗುವುದು.

ಇಟ್ಟಿಗೆಯೇ ಆಗಬೇಕೆಂಬ ನಿಯಮವಿಲ್ಲ. ದಕ್ಷಿಣ ಕನ್ನಡದಲ್ಲಿ ಮುರಕಲ್ಲು, ಬಯಲುಸೀಮೆಯಲ್ಲಿ ಚಪ್ಪಡಿ ಅಥವಾ ಸೈಜುಗಲ್ಲು, ಅಡಕೆಯ ಸೀಮೆಯಲ್ಲಿ ಅಡಕೆದಬ್ಬೆ ಅಗ್ಗವಾಗಿ ಸಿಕ್ಕುವುದು. ಮರದ ಪದಾರ್ಥವು ಒದ್ದೆ ಮಣ್ಣಿನ ಸಹವಾಸದಲ್ಲಿ ಕೆಲವೇ ವರ್ಷಗಳಲ್ಲಿ ಗೆದ್ದಲಿನ ಪಾಲಾಗುವುದನ್ನು ತಿಳಿದೇ ಹಾಕಬೇಕು. ಮನೆ ಒಡೆಯುವಲ್ಲಿ ಸಿಕ್ಕುವ ಬಣ್ಣದ ಹಳೆಯ ಬಾಗಿಲು, ಕಿಟಕಿಗಳನ್ನು ಮಾತ್ರ ಮುಟ್ಟಬಾರದು. ಹಳೆಯ ಬಣ್ಣಗಳಲ್ಲಿ ಸೀಸವು ಹೇರಳವಾಗಿರುತ್ತಿತ್ತು. ಮನೆಯ ಬಣ್ಣದಲ್ಲಿ ಸೀಸವು ೯೦ ಪಿಪಿಎಂ ಮೀರಕೂಡದೆಂಬ ನಿಯಮವು ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು ೨೦೧೭ರ ನವೆಂಬರಿನಲ್ಲಿ. ಉದುರಿದ ಬಣ್ಣ ಮಣ್ಣಿಗೆ ಸೇರಿದರೆ ಅದನ್ನು ಹೊರಗೆ ತೆಗೆಯುವ ಉಪಾಯವಿಲ್ಲ. ಸೊಪ್ಪಿಗೆ ಅಂಟಿದ ಆ ಮಣ್ಣಿನ ಕೇಡು ಮುಖ್ಯವಾಗಿ ಎಳೆಯ ಮಕ್ಕಳಿಗೆ. ಎಣ್ಣೆ ಬಳಿದ ರೈಲುಹಾದಿಯ ಹಳೆಯ ದಿಮ್ಮಿಗಳನ್ನೂ, ಆಸ್ಬೆಸ್ಟಾಸ್ ತಗಡಿನ ತುಂಡುಗಳನ್ನೂ ಇದೇ ವರ್ಗಕ್ಕೆ ಸೇರಿಸಬೇಕು.

ಮಡಿಯ ತಳಕ್ಕೆ ಸಿಮೆಂಟು ಹಾಕಕೂಡದು. ಹಾಕಿದರೆ ಅದು ಮಡಿಯಲ್ಲ, ತೊಟ್ಟಿ. ಗುದ್ದಲಿಗೆ ಸಿಕ್ಕಿದಷ್ಟು ಗಾರೆಕಲ್ಲನ್ನು ಆರಿಸಿ ತೆಗೆದು, ಹಾರೆಯಿಂದ ನೆಲವನ್ನು ಅಲ್ಲಲ್ಲಿ ಚುಚ್ಚಿ ಸಡಿಲಿಸಿದರೆ ಬೇರಿಗೂ ಎರೆಹುಳುವಿಗೂ ಹಾದಿಯಾಗುವುದು. ಗಾರೆಯ ಅಂಶ ಉಳಿದರೆ ಮಣ್ಣು ಕ್ಷಾರವಾಗಿ, ಕಬ್ಬಿಣದ ಸಾರವು ಗಿಡಕ್ಕೆ ದೊರೆಯದೆ ಎಳೆಯ ಎಲೆಗಳು ನರ ಮಾತ್ರ ಹಸಿರಾಗುಳಿದು ಹಳದಿಯಾಗುತ್ತವೆ. ಜನರು ಗೊಬ್ಬರ ಸಾಲದೆಂದು ಭಾವಿಸಿ ಮತ್ತಷ್ಟು ಗೊಬ್ಬರವನ್ನು ಸುರಿಯುತ್ತಾರೆ. ತಳದಲ್ಲಿ ಜಲ್ಲಿಯ ಪದರವನ್ನು ಹಾಸಿದರೆ ನೀರು ಚೆನ್ನಾಗಿ ಬಸಿಯುವುದೆಂಬ ನಂಬಿಕೆಯೊಂದು ಬಲವಾಗಿ ಹರಡಿದೆ. ಇದು ನಿಜವಲ್ಲ. ನುಣುಪಾದ ಮಣ್ಣು ತನ್ನ ಸಣ್ಣ ಸಂದುಗಳಲ್ಲಿ ನೀರನ್ನು ಹಿಡಿದುಕೊಳ್ಳುವ ಬಲ ಜಲ್ಲಿಯ ದೊಡ್ಡ ಸಂದುಗಳಿಗಿಲ್ಲ. ಆದಕಾರಣ ಮೇಲಿನ ಮಣ್ಣು ಪೂರ್ತಿಯಾಗಿ ನೆನೆದು ತೊಟ್ಟಿಕ್ಕುವ ತನಕ ನೀರು ಜಲ್ಲಿಗೆ ಇಳಿಯುವುದೇ ಇಲ್ಲ. ಹಿಂದೆ ಹೇಳಿದ ಪಂಚೆಯ ಕೆಳಗಿನ ಅಂಚು ಇಲ್ಲಿ ನೆಲದಿಂದ ಜಲ್ಲಿಯ ಮೇಲಕ್ಕೆ ಏರಿ ಕುಳಿತಂತಾಗುವುದು, ಅಷ್ಟೇ. ಜಲ್ಲಿಯ ಹಣವನ್ನು ಗೊಬ್ಬರಕ್ಕೆ ಹಾಕುವುದು ಲೇಸು.

ಈಗ ಮುಖ್ಯವಾದ ಮಣ್ಣಿನ ಮಾತು. ನಾವು ಹೇಳಿದ ಅಳತೆಯ ಮಡಿಗೆ ೩೨ ಘನ ಅಡಿ ಮಣ್ಣು ಬೇಕು. ನೆನೆದಾಗ ಅದರ ತೂಕ ಒಂದೂವರೆ ಟನ್ನಿನಷ್ಟು. ಪೇಟೆಯಲ್ಲಿ ಕೆಮ್ಮಣ್ಣೆಂದು ಟ್ರಾಕ್ಟರಿನ ಲೆಕ್ಕದಲ್ಲಿ ಮಾರುವುದು ಅನೇಕವೇಳೆ ಯಾವುದೋ ಕಟ್ಟಡದ ನೆಲಮಾಳಿಗೆಯಿಂದ ತೋಡಿದ ಮಣ್ಣು. ಬಣ್ಣ ಕಣ್ಣಿಗೆ ಹಬ್ಬ. ಸಾರ ಮಾತ್ರ ಶೂನ್ಯ, ಒಣಗಿದರೆ ಹೆಂಚು. ತರಿಸುವ ಮೊದಲು ಒಂದು ಹಿಡಿಯನ್ನು ಮನೆಗೆ ತಂದು ಗಾಜಿನ ಸೀಸೆಯಲ್ಲಿ ಮೂರುಪಾಲು ನೀರಿನೊಂದಿಗೆ ಹಾಕಿ, ಚೆನ್ನಾಗಿ ಕುಲುಕಿ ಇಡಬೇಕು. ಮರಳು ಒಂದೆರಡು ನಿಮಿಷದಲ್ಲಿ ತಳಕ್ಕೆ ಕೂಡುವುದು. ಅದರ ಮೇಲೆ ಕೆಲವು ಗಂಟೆಗಳಲ್ಲಿ ಗೋಡುಮಣ್ಣು. ಜೇಡಿಯು ಒಂದು ದಿನವಾದರೂ ನೀರನ್ನು ಕದಡಿಕೊಂಡೇ ಇರುವುದು. ಮರುದಿನ ನೋಡಿದರೆ ಸೀಸೆಯೊಳಗೆ ಮೂರು ಪಟ್ಟೆಗಳು ಸ್ಪಷ್ಟವಾಗಿ ಕಾಣುತ್ತವೆ. ಜೇಡಿಯ ಪಟ್ಟೆಯೇ ಅರ್ಧದಷ್ಟಿದ್ದರೆ ಆ ಮಣ್ಣು ಮಡಕೆಗೆ ಯೋಗ್ಯ, ಮಡಿಗಲ್ಲ. ಈ ಪರೀಕ್ಷೆಯನ್ನು ಮನೆಯ ಹುಡುಗರ ಕೈಯಲ್ಲಿಯೇ ಮಾಡಿಸಬಹುದು; ಅವರು ದೊಡ್ಡವರಿಗಿಂತ ತಾಳ್ಮೆಯಿಂದ ಸೀಸೆಯನ್ನು ಕಾಯುತ್ತಾರೆ.

ಕೆರೆಯ ಗೋಡನ್ನು ಗದ್ದೆಗೆ ಹೊಡೆಯುವುದು ನಮ್ಮ ಹಳ್ಳಿಗಳ ಪುರಾತನ ಪದ್ಧತಿ. ಬೇಸಗೆಯಲ್ಲಿ ಕೆರೆಯ ಹೂಳೂ ಹೋಗುತ್ತಿತ್ತು, ಹೊಲಕ್ಕೂ ಸಾರವಾಗುತ್ತಿತ್ತು. ಹಳ್ಳಿಯ ಶುದ್ಧವಾದ ಕೆರೆಯ ಗೋಡು ಸಿಕ್ಕುವುದಾದರೆ ಐದರಲ್ಲಿ ಒಂದು ಪಾಲು ಧಾರಾಳವಾಗಿ ಬೆರೆಸಬಹುದು. ಆದರೆ ಪಟ್ಟಣದ ಕೆರೆಯ ಗೋಡನ್ನು ತಿನ್ನುವ ಸೊಪ್ಪಿನ ಮಡಿಗೆ ಎಷ್ಟು ಮಾತ್ರಕ್ಕೂ ತರಬಾರದು. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಗೆ ೨೦೧೫ರಲ್ಲಿ ಬೆಂಕಿ ಹೊತ್ತಿಕೊಂಡದ್ದೂ, ೨೦೧೭ರಲ್ಲಿಯೂ ೨೦೧೮ರಲ್ಲಿಯೂ ಆ ಕೆರೆಯಲ್ಲಿ ಮತ್ತೆ ಬೆಂಕಿ ಕಾಣಿಸಿಕೊಂಡದ್ದೂ ಎಲ್ಲರಿಗೂ ತಿಳಿದ ಸಂಗತಿ. ನೀರಿಗೇ ಬೆಂಕಿ ಹತ್ತುವ ಕೆರೆಯ ತಳದಲ್ಲಿ ಏನೇನು ಕುಳಿತಿದೆಯೋ ಅದನ್ನು ಅನ್ನದ ತಟ್ಟೆಗೆ ಬರಮಾಡಿಕೊಳ್ಳುವುದು ವಿವೇಕವಲ್ಲ.

ಗೊಬ್ಬರವು ಪೂರ್ತಿಯಾಗಿ ಕಳಿತದ್ದಾಗಿರಬೇಕು. ಹಸಿ ಸಗಣಿಯನ್ನು ತುಂಬಿದರೆ ಅದು ಕಾಯ್ದು ಬೇರನ್ನು ಬಾಡಿಸುವುದಲ್ಲದೆ ಗೊಣ್ಣೆಹುಳುವಿಗೆ ತವರುಮನೆಯಾಗುವುದು. ಕಳಿತ ಗೊಬ್ಬರವು ಕೈಗೆ ಪುಡಿಪುಡಿಯಾಗಿ ಹತ್ತಿ, ಮೊದಲ ಮಳೆಯ ನೆಲದಂತೆ ಕಂಪು ಕೊಡುವುದು. ಕೊಳ್ಳುವುದಕ್ಕಿಂತ ಮನೆಯಲ್ಲಿಯೇ ಮಾಡಿಕೊಳ್ಳುವುದು ಮೇಲು. ಇದರಲ್ಲಿ ನಮ್ಮವರಿಗೆ ಹೆಮ್ಮೆಪಡತಕ್ಕ ಒಂದು ವಿಧಾನವೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು ೧೯೩೯ರಲ್ಲಿ ರೂಪಿಸಿದ ಕ್ರಮವು ಇಂದಿಗೂ ಲೋಕದಲ್ಲಿ ಬೆಂಗಳೂರು ವಿಧಾನವೆಂದೇ ಪ್ರಸಿದ್ಧವಾಗಿದೆ. ಅದಕ್ಕೆ ಹಿಂದೆ ಆಲ್ಬರ್ಟ್ ಹೊವಾರ್ಡರು ಇಂದೂರಿನಲ್ಲಿ ನಡೆಸಿದ ವಿಧಾನದಲ್ಲಿ ರಾಶಿಯನ್ನು ಆಗಾಗ್ಗೆ ತಿರುವಿ ಹಾಕಬೇಕಾಗುತ್ತಿತ್ತು, ನೀರು ಚಿಮುಕಿಸಬೇಕಾಗುತ್ತಿತ್ತು. ಬೆಂಗಳೂರಿನ ವಿಧಾನದಲ್ಲಿ ಕಸವನ್ನು ಗುಂಡಿಯಲ್ಲಿ ಪದರಪದರವಾಗಿ ತುಂಬಿ, ಮೇಲೆ ಕೆಸರು ಮೆತ್ತಿ ಮುಚ್ಚಿಬಿಟ್ಟರೆ ಆರರಿಂದ ಎಂಟು ತಿಂಗಳು ಅದರ ಕಡೆ ನೋಡುವ ಕೆಲಸವಿಲ್ಲ. ಗೃಹಸ್ಥನಿಗೆ ಇದಕ್ಕಿಂತ ಅನುಕೂಲವಾದದ್ದು ಯಾವುದು? ಒಂದು ಗೇಣು ತರಕಾರಿಸಿಪ್ಪೆ, ಒಣಗಿದ ಎಲೆ; ಅದರ ಮೇಲೆ ಎರಡು ಅಂಗುಲ ಮಣ್ಣು ಅಥವಾ ಸಗಣಿಯ ಬಗ್ಗಡ; ಮತ್ತೆ ಸಿಪ್ಪೆ, ಎಲೆ. ಹೀಗೆ ಗುಂಡಿ ತುಂಬಿದ ಮೇಲೆ ಮುಚ್ಚಬೇಕು. ಗುಂಡಿಗೆ ಸ್ಥಳವಿಲ್ಲದವರು ತಳದಲ್ಲಿ ರಂಧ್ರಮಾಡಿದ ದೊಡ್ಡ ಗುಡಾಣದಲ್ಲಿಯೂ ಮಾಡಬಹುದು. ಇಂದು ಮುಚ್ಚಿದ್ದು ಮುಂದಿನ ಹಂಗಾಮಿಗೆ ಒದಗುವುದು.

ಅರ್ಧ ಪಾಲು ತೋಟದ ಮಣ್ಣು, ಮೂರರಲ್ಲೊಂದು ಪಾಲು ಗೊಬ್ಬರ, ಉಳಿದದ್ದು ಮರಳು ಅಥವಾ ತೊಳೆದ ನಾರಿನಪುಡಿ. ಮಡಿಯ ಹೊರಗೆ ಚೆನ್ನಾಗಿ ಬೆರೆಸಿ ತುಂಬಬೇಕು. ಎರಡು ಹಿಡಿ ಬೇವಿನ ಹಿಂಡಿ ಸೇರಿಸಿದರೆ ಗೊಣ್ಣೆಹುಳುವಿನ ಕಾಟ ತಗ್ಗುವುದು. ತುಂಬಿದ ದಿನವೇ ಬಿತ್ತುವ ಆತುರ ಒಳ್ಳೆಯದಲ್ಲ. ಹೊಸಮಣ್ಣು ಕುಸಿಯುತ್ತದೆ, ಮೊದಲ ವರ್ಷದಲ್ಲಿ ಎರಡು ಮೂರು ಅಂಗುಲ ಇಳಿದರೆ ಆಶ್ಚರ್ಯವಿಲ್ಲ. ನೀರು ಬಿಟ್ಟು ಹದಿನೈದು ದಿವಸ ಹಾಗೆಯೇ ಬಿಟ್ಟರೆ ಕಳೆಯ ಬೀಜಗಳು ಮೊಳೆತು ಕೈಗೆ ಸಿಕ್ಕುತ್ತವೆ. ಸಮಯವಿದ್ದವರಿಗೆ ಇನ್ನೂ ಒಳ್ಳೆಯ ಉಪಾಯವೊಂದುಂಟು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ವೃಕ್ಷಾಯುರ್ವೇದದ ಅಧ್ಯಾಯದಲ್ಲಿ, ಮೃದುವಾದ ಭೂಮಿಯು ಎಲ್ಲ ಗಿಡಗಳಿಗೂ ಹಿತವೆಂದೂ, ಅದರಲ್ಲಿ ಮೊದಲು ಎಳ್ಳನ್ನು ಬಿತ್ತಿ ಹೂಬಿಟ್ಟಾಗ ಅಲ್ಲಿಯೇ ಮರ್ದಿಸಬೇಕೆಂದೂ, ಭೂಮಿಗೆ ಇದೇ ಮೊದಲನೆಯ ಸಂಸ್ಕಾರವೆಂದೂ ಹೇಳಿದ್ದಾನೆ. ಈಗಿನ ಕೃಷಿಶಾಸ್ತ್ರಜ್ಞರು ಹಸಿರೆಲೆ ಗೊಬ್ಬರವೆಂದು ಹೇಳುವುದೂ ಇದನ್ನೇ. ಪೇಟೆಯ ನಿಸ್ಸಾರವಾದ ಕೆಮ್ಮಣ್ಣು ವಿಧಿಯಿಲ್ಲದೆ ಕೈಗೆ ಬಂದವರು ಮೊದಲ ಬೆಳೆಯಾಗಿ ಎಳ್ಳನ್ನೋ ಅಲಸಂದೆಯನ್ನೋ ಸೆಣಬನ್ನೋ ಬಿತ್ತಿ, ಹೂವಿನ ಹೊತ್ತಿಗೆ ಕೊಯ್ದು ಮಣ್ಣಿಗೆ ಮಡಚಿದರೆ ನಷ್ಟವಿಲ್ಲ. ಆದರೆ ಎರಡು ತಿಂಗಳು ಸೊಪ್ಪು ತಿನ್ನುವ ಆಸೆಯನ್ನು ತಡೆಹಿಡಿಯಬೇಕು.

ಕೊನೆಯಲ್ಲಿ ನೀರನ್ನೇ ಮತ್ತೆ ನೆನೆಯಬೇಕಾಗಿದೆ. ೨೦೨೪ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಜಲಮಂಡಲಿಯು ಕುಡಿಯುವ ನೀರನ್ನು ಕೈತೋಟಕ್ಕೂ ವಾಹನ ತೊಳೆಯಲೂ ಬಳಸಕೂಡದೆಂದು ಆಜ್ಞೆ ಮಾಡಿ, ಮೀರಿದವರಿಗೆ ೫೦೦೦ ರೂಪಾಯಿಯ ದಂಡವನ್ನು ಗೊತ್ತುಪಡಿಸಿತು. ಅಂತಹ ಬೇಸಗೆಗಳು ಮತ್ತೆಯೂ ಬರಬಹುದು. ಹಾಗಾದರೆ ಮಡಿಯನ್ನು ಕಟ್ಟುವುದೇ ತಪ್ಪೋ ಎಂದರೆ, ಲೆಕ್ಕವನ್ನು ನೋಡೋಣ. ಬಿರುಬೇಸಗೆಯಲ್ಲಿ ಬೆಳೆ ತುಂಬಿದ ಮಡಿಯಿಂದ ದಿನಕ್ಕೆ ಸುಮಾರು ಐದು ಮಿಲಿಮೀಟರು ನೀರು ಆವಿಯಾಗುವುದು. ನಮ್ಮ ಮಡಿಯ ವಿಸ್ತಾರ ಮೂರು ಚದರ ಮೀಟರು. ಎಂದರೆ ದಿನಕ್ಕೆ ೧೫ ಲೀಟರು, ಒಂದು ದೊಡ್ಡ ಬಕೆಟ್ಟು. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು, ಪಾತ್ರೆಯನ್ನು ಕಡೆಯ ಸಲ ಗಲಬರಿಸಿದ ನೀರು, ಇಷ್ಟನ್ನು ಒಂದು ಕಡೆ ಹಿಡಿದಿಟ್ಟರೆ ನಾಲ್ಕೈದು ಜನರ ಮನೆಯಲ್ಲಿ ಆ ಬಕೆಟ್ಟು ತುಂಬುವುದು. ಬಟ್ಟೆ ಒಗೆದ ಸಾಬೂನಿನ ನೀರು ಬೇಡ. ಅದರ ಉಪ್ಪು ಮಣ್ಣನ್ನು ಬಿಗಿಸುತ್ತದೆ.

ಒಂದಡಿಯ ಮಡಿಯನ್ನೇ ಕಾಲಕ್ಕೆ ತಕ್ಕಂತೆ ಏರುಮಡಿಯಾಗಿಯೂ ಆಲವಾಲವಾಗಿಯೂ ನಡೆಸಬಹುದು. ಜೂನಿನಿಂದ ಅಕ್ಟೋಬರಿನವರೆಗೆ ಮಣ್ಣನ್ನು ನಡುವೆ ಸ್ವಲ್ಪ ಉಬ್ಬಾಗಿ ಎಳೆದು, ಕಂಡಿಗಳನ್ನು ಕಡ್ಡಿಯಿಂದ ಚುಚ್ಚಿ ತೆರವಾಗಿಡಬೇಕು. ಮಾಗಿ ಕಳೆದ ಮೇಲೆ ಅದೇ ಮಣ್ಣನ್ನು ಅಂಚಿಗೆ ಎಳೆದು ನಡುವನ್ನು ಎರಡಂಗುಲ ತಗ್ಗುಮಾಡಿ, ಮೇಲೆ ಒಣಗಿದ ಎಲೆಯನ್ನೋ ಹುಲ್ಲನ್ನೋ ಮೂರಂಗುಲ ಹೊದಿಸಬೇಕು. ಗಿಲೀಟು ಮಾಡದ ಒಂದು ಸಣ್ಣ ಮಣ್ಣಿನ ಗಡಿಗೆಯನ್ನು ನಡುವೆ ಕಂಠದವರೆಗೆ ಹೂತು ನೀರು ತುಂಬಿದರೆ ಅದು ತನ್ನ ಮೈಯಿಂದ ಮೆಲ್ಲಮೆಲ್ಲನೆ ಬೇರಿಗೆ ನೀರು ಬಿಡುತ್ತಿರುವುದು. ಎರಡು ಮೂರು ದಿವಸ ಊರಿಗೆ ಹೋಗಿ ಬರುವವರಿಗೆ ಇದರಷ್ಟು ನಂಬಿಕೆಯ ಆಳು ಬೇರಿಲ್ಲ. ಗಡಿಗೆಯ ಬಾಯಿಗೆ ಮಾತ್ರ ಮುಚ್ಚಳವಿರಬೇಕು, ಇಲ್ಲದಿದ್ದರೆ ಸೊಳ್ಳೆಗಳ ಸಂಸಾರ ಬೆಳೆಯುವುದು.

ಮೊದಲ ಬೆಳೆಗೆ ಮೆಂತ್ಯವನ್ನೇ ಬಿತ್ತಿದರೆ ಉತ್ಸಾಹ ಕುಂದುವುದಿಲ್ಲ. ಅಡುಗೆಮನೆಯ ಡಬ್ಬಿಯ ಬೀಜವೇ ಸಾಕು, ಒಂದು ತಿಂಗಳೊಳಗೆ ಹುಳಿಗೆ ಬರುವುದು. ಕೊತ್ತಂಬರಿಯ ಬೀಜವನ್ನು ಎರಡಾಗಿ ಒಡೆದು ಹಾಕಬೇಕು. ಹರಿವೆಯ ಬೀಜ ಧೂಳಿನಷ್ಟು ಸಣ್ಣದಾದ್ದರಿಂದ ಮರಳಿನೊಂದಿಗೆ ಬೆರೆಸಿ ಚೆಲ್ಲಿ, ಇರುವೆ ಹೊತ್ತೊಯ್ಯದಂತೆ ಸುತ್ತ ಬೂದಿ ಉದುರಿಸಬೇಕು. ಮತ್ತೆ ಮತ್ತೆ ಕೊಯ್ಯತಕ್ಕ ಹರಿವೆ ಬೇಕಾದವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಅರ್ಕಾ ಸುಗುಣವೆಂಬ ತಳಿಯುಂಟು. ಬೆಂಡೆಯಲ್ಲಿ ಅವರದೇ ಅರ್ಕಾ ಅನಾಮಿಕ. ಬದನೆ, ಟೊಮೇಟೊ, ಮೆಣಸಿನಕಾಯಿ ಮೂರೂ ಒಂದೇ ಕುಲದವು. ಒಂದರ ಹಿಂದೆ ಇನ್ನೊಂದನ್ನು ಅದೇ ಜಾಗದಲ್ಲಿ ನೆಟ್ಟರೆ ಬೇರುಗಂಟಿನ ಹುಳು ನೆಲೆಯೂರುವುದು. ನಡುವೆ ಒಂದು ಬೆಳೆ ಚೆಂಡುಹೂವನ್ನು ಹಾಕಿದರೆ ಆ ಹುಳು ತಗ್ಗುವುದಲ್ಲದೆ ದಸರೆಗೆ ಬಾಗಿಲಿಗೆ ತೋರಣವೂ ಆಗುವುದು. ಹೂವು ಮುಗಿದ ಗಿಡಗಳನ್ನು ಕಿತ್ತೆಸೆಯದೆ ಚೂರುಮಾಡಿ ಗೊಬ್ಬರದ ಗುಡಾಣಕ್ಕೆ ಹಾಕಿ, ಮಡಿಯಲ್ಲಿ ಇಳಿದಷ್ಟು ಜಾಗಕ್ಕೆ ಹೋದ ವರ್ಷ ಮುಚ್ಚಿಟ್ಟ ಗೊಬ್ಬರವನ್ನು ತುಂಬಿ, ಕಾರ್ತಿಕದಲ್ಲಿ ಮೂಲಂಗಿಯನ್ನು ಬಿತ್ತಬಹುದು.